ಬಾಟಲಿ ಹಾಲು ಕುಡಿದ ಚೀತಾ ಕಾಡಿಗೆ ವಾಪಸ್ ಹೋಗುತ್ತಾ?

ಮಧ್ಯಪ್ರದೇಶದ ಕುನೋ ನ್ಯಾಷನಲ್ ಪಾರ್ಕಲ್ಲಿ ಮುಖಿ ಅಂತ ಒಂದು ಹೆಣ್ಣು ಚೀತಾ ಇದೆ. 2025ರ ನವೆಂಬರ್‌ನಲ್ಲಿ ಅವಳು ಐದು ಮರಿ ಹಾಕಿದ್ಲು ಅಂತ ಸುದ್ದಿ ಬಂದಾಗ ಎಲ್ಲರೂ ಬರೆದಿದ್ದು ಒಂದೇ, ಭಾರತದಲ್ಲೇ ಹುಟ್ಟಿದ ಚೀತಾ ಮೊದಲ ಸಲ ತಾಯಿ ಆಯ್ತು ಅಂತ. ಸರಿ, ದೊಡ್ಡ ಸುದ್ದಿನೇ ಬಿಡಿ. ಆದ್ರೆ ನನ್ನ ತಲೇಲಿ ಕೂತಿದ್ದು ಇನ್ನೊಂದು ವಿಷ್ಯ, ಸುಮಾರು ಜನ ಅದನ್ನ ಅರ್ಧ ಲೈನಲ್ಲಿ ಮುಗಿಸಿಬಿಟ್ರು. ಈ ಮುಖಿ ಅಮ್ಮನ ಹತ್ರ ಬೆಳೆದವಳಲ್ಲ, ಮನುಷ್ಯರ ಕೈಲಿ ಬೆಳೆದವಳು.

ಹಿಂದಿನ ಕಥೆ ನೆನಪು ಮಾಡ್ಕೊಳ್ಳಿ. 2022ರ ಸೆಪ್ಟೆಂಬರ್ 17ಕ್ಕೆ ನಮೀಬಿಯಾದಿಂದ ಎಂಟು ಚೀತಾ ಬಂದ್ವಲ್ಲ, ಅದ್ರಲ್ಲಿ ಒಂದು ಸಿಯಾಯಾ, ಇಲ್ಲಿಗೆ ಬಂದ್ಮೇಲೆ ಜ್ವಾಲಾ ಅಂತ ಹೆಸರಿಟ್ರು. 2023ರ ಮಾರ್ಚ್ ಕೊನೆಗೆ ಅವಳಿಗೆ ನಾಲ್ಕು ಮರಿ ಆಯ್ತು, ಏಳು ದಶಕ ಆದ್ಮೇಲೆ ಈ ನೆಲದಲ್ಲಿ ಹುಟ್ಟಿದ ಚೀತಾ ಮರಿಗಳು ಅಂತ ದೇಶಕ್ಕೆಲ್ಲ ಹಬ್ಬ. ಆದ್ರೆ ಮಾರ್ಚ್‌ನಲ್ಲಿ ಹುಟ್ಟಿದ ಮರಿಗೆ ಎಂಟು ವಾರ ತುಂಬೋದು ಮೇ ತಿಂಗಳಲ್ಲಿ, ಕುನೋದ ಮೇ ಅಂದ್ರೆ 46-47 ಡಿಗ್ರಿ, ನಮ್ಮ ರಾಯಚೂರಿನವರೇ ತಲೆ ಮೇಲೆ ಟವೆಲ್ ಹಾಕ್ಕೊಂಡು ಓಡೋ ಥರ ಬಿಸಿಲು. ಮೇ 23ಕ್ಕೆ ಒಂದು ಮರಿ ಹೋಯ್ತು, ಅದೇ ದಿನ ಮಧ್ಯಾಹ್ನ ಇನ್ನೆರಡು. ಮೂರಕ್ಕೂ ತೂಕ ಕಮ್ಮಿ, ಮೈಯಲ್ಲಿ ನೀರೇ ಇರ್ಲಿಲ್ಲ. ನಾಲ್ಕನೇದನ್ನ ಎತ್ಕೊಂಡು ಹೋಗಿ ಟ್ರೀಟ್‌ಮೆಂಟ್ ಕೊಟ್ಟು ಹೆಂಗೋ ಉಳಿಸ್ಕೊಂಡ್ರು, ಆದ್ರೆ ಆಮೇಲೆ ಅಮ್ಮ ಅದನ್ನ ಹತ್ರ ಸೇರಿಸ್ಲಿಲ್ಲ. ಆ ನಾಲ್ಕನೇ ಮರಿನೇ ಮುಖಿ.

ಅಮ್ಮ ಇಲ್ಲದ ಚೀತಾ ಮರಿನ ರೆಸ್ಕ್ಯೂ ಮಾಡೋ ವಿಡಿಯೋಗಳು ನಿಮ್ಮ ಫೋನಿಗೂ ಬಂದಿರುತ್ತೆ. ಟವೆಲ್‌ನಲ್ಲಿ ಸುತ್ತಿದ ಮರಿ, ಬೆನ್ನ ಮೇಲೆಲ್ಲ ಬೂದಿ ಬಣ್ಣದ ಕೆದರಿದ ಕೂದಲು, ಬಾಯಲ್ಲಿ ಬಾಟಲಿ, ಮತ್ತೆ ಆ ಸೌಂಡು, ಬೆಕ್ಕಿನ ಮರಿ ಥರ ಅಲ್ಲ, ಗುಬ್ಬಚ್ಚಿ ಥರ ಚಿಲಿಪಿಲಿ. ಮೊದಲ ಸಲ ಕೇಳಿದಾಗ ನಾನು ಯಾರೋ ಹಿಂದೆ ಹಕ್ಕಿ ಸೌಂಡ್ ಸೇರಿಸಿದ್ದಾರೆ ಅಂದ್ಕೊಂಡಿದ್ದೆ. ಲಕ್ಷಗಟ್ಟಲೆ ಲೈಕು, ಕೆಳಗೆ ಕೈ ಮುಗಿಯೋ ಎಮೋಜಿಗಳು. ವಿಡಿಯೋ ಅಲ್ಲಿಗೆ ಮುಗಿಯುತ್ತೆ, ನಿಜವಾದ ಕೆಲ್ಸ ಶುರುವಾಗೋದೇ ಅಲ್ಲಿಂದ. ಹಾಲು ಕುಡಿಸಿ ಜೀವ ಉಳಿಸೋದು ಕೆಲವು ವಾರದ ಕೆಲ್ಸ. ಅದಾದ್ಮೇಲೆ ಚೀತಾ ತಾಯಿ ಒಂದೂವರೆ ವರ್ಷ ಮಾಡೋ ಇನ್ನೊಂದು ಕೆಲ್ಸ ಇದೆ, ಅದನ್ನ ಮನುಷ್ಯ ಮಾಡೋಕಾಗುತ್ತಾ, ಆಗದಿದ್ರೆ ನಾವು ಉಳಿಸಿದ್ದು ಏನನ್ನ ಅನ್ನೋದೇ ನನ್ನ ಪ್ರಶ್ನೆ.

ಮುಂದೆ ಹೋಗೋಕೆ ಮುಂಚೆ ಒಂದು ಸಣ್ಣ ಜಗಳ ಇದೆ. ನಮ್ಮ ಟಿವಿಯವರು ಇವತ್ತಿಗೂ ಚೀತಾನ ಚಿರತೆ ಅಂತಾರೆ, ಕುನೋ ಸುದ್ದಿ ಓದ್ತಾ ಪರದೆ ಮೇಲೆ ಬನ್ನೇರುಘಟ್ಟ ಕಡೆಯ ಚಿರತೆ ಕ್ಲಿಪ್ ಹಾಕಿದ್ದನ್ನ ನಾನೇ ನೋಡಿದೀನಿ. ಚಿರತೆಗೆ ಮೈಮೇಲೆ ಹೂವಿನ ಥರ ಗುಂಪು ಗುಂಪು ಚುಕ್ಕಿ, ಚೀತಾಗೆ ಬೊಟ್ಟಿಟ್ಟ ಹಾಗೆ ಒಂದೊಂದೇ ಕಪ್ಪು ಚುಕ್ಕಿ, ಕಣ್ಣಿನಿಂದ ಬಾಯಿವರೆಗೆ ಅತ್ತು ಕಾಡಿಗೆ ಇಳಿದ ಹಾಗೆ ಕಪ್ಪು ಗೆರೆ. ತಮಾಷೆ ಏನಂದ್ರೆ ಈ ಪ್ರಾಣಿಗೆ ಕನ್ನಡದಲ್ಲಿ ಹೆಸರಿತ್ತು, ಸಿವಂಗಿ ಅಂತ. ಬ್ರಿಟಿಷರ ಕಾಲದ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಕನ್ನಡದ ಹೆಸರು ಅಂತ ಅದನ್ನೇ ಬರ್ಕೊಂಡಿದ್ದಾರೆ. ಪ್ರಾಣಿ ಹೋಯ್ತು, ಜೊತೆಗೆ ಪದನೂ ಹೋಯ್ತು. 2020ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ಆನ್ ವ್ಯಾನ್ ಡೈಕ್ ಚೀತಾ ಸೆಂಟರ್‌ನಿಂದ ಮೈಸೂರು ಝೂಗೆ ಒಂದು ಗಂಡು ಎರಡು ಹೆಣ್ಣು ಚೀತಾ ಬಂದ್ವು, ನೋಡೋಕೆ ಹೋದಾಗ ಪಕ್ಕದಲ್ಲಿದ್ದ ಅಜ್ಜ ಒಬ್ರು ಮೊಮ್ಮಗನಿಗೆ "ಇದು ಬಡಕಲು ಚಿರತೆ ಕಣೋ" ಅಂತ ಹೇಳ್ತಿದ್ರು. ತಪ್ಪು ಅನ್ನೋಕೂ ಮನಸ್ಸು ಬರ್ಲಿಲ್ಲ, ನಿಜವಾಗ್ಲೂ ಬಡಕಲೇ, ಓಡೋಕೆ ಅಂತಲೇ ಮಾಡಿಸಿದ ಮೈ.

ಈಗ ಅಮ್ಮನ ಕೆಲ್ಸಕ್ಕೆ ಬರೋಣ. ಚೀತಾ ಹೆಣ್ಣು ಒಂಟಿ ಜೀವ. ಸಿಂಹದ ಹಾಗೆ ಅಕ್ಕ ತಂಗಿ ಚಿಕ್ಕಮ್ಮ ಅಂತ ಗುಂಪಿಲ್ಲ, ಗಂಡು ಸಹಾಯಕ್ಕೆ ಬರಲ್ಲ. ಮೂರು ತಿಂಗಳ ಬಸಿರು, ಮೂರರಿಂದ ಐದು ಮರಿ, ಹುಲ್ಲಲ್ಲೋ ಪೊದೇಲೋ ಬಚ್ಚಿಟ್ಟು ಬೇಟೆಗೆ ಹೋಗ್ಬೇಕು, ಬರೋದು ಎಷ್ಟೋ ಗಂಟೆ ಆದ್ಮೇಲೆ, ವಾಸನೆ ಹಿಡಿದು ಯಾರಾದ್ರೂ ಬಂದಾರು ಅಂತ ಆಗಾಗ ಒಂದೊಂದೇ ಮರಿನ ಬಾಯಲ್ಲಿ ಕಚ್ಕೊಂಡು ಜಾಗ ಬದಲಾಯಿಸ್ಬೇಕು. ಆರೇಳು ವಾರ ಆದ್ಮೇಲೆ ಮರಿಗಳು ಹಿಂದೆ ನಡೆಯೋಕೆ ಶುರು ಮಾಡ್ತಾವೆ. ಟಾಂಜಾನಿಯಾದ ಸೆರೆಂಗೆಟಿ ಬಯಲಲ್ಲಿ 1980ರ ದಶಕದ ಕೊನೆಗೆ ಮಾಡಿದ ಸ್ಟಡಿ ಪ್ರಕಾರ ಹುಟ್ಟಿದ ನೂರು ಮರೀಲಿ ಸ್ವತಂತ್ರ ಆಗೋವರೆಗೂ ಬದುಕೋದು ಐದು, ಮಿಕ್ಕಿದ್ರಲ್ಲಿ ಜಾಸ್ತಿ ಸಿಂಹದ ಪಾಲು. ಎಲ್ಲಾ ಕಡೆ ಇಷ್ಟು ಕೆಟ್ಟದಾಗಿಲ್ಲ, ಕಲಹಾರಿ ಕಡೆ ಮೂರಲ್ಲಿ ಒಂದು ಉಳಿಯುತ್ತೆ ಅಂತ ಆಮೇಲಿನ ಸ್ಟಡಿ ಹೇಳಿದೆ. ಅಂದ್ರೂ ಮರಿ ಸಾಯೋದು ಈ ಜಾತೀಲಿ ದಿನನಿತ್ಯದ ಮಾತು.

ಬದುಕಿದ ಮರಿಗೆ ಪಾಠ ಶುರುವಾಗೋದು ಮೂರು ತಿಂಗಳ ಸುಮಾರಿಗೆ. ತಾಯಿ ಒಂದು ಜಿಂಕೆ ಮರಿನ ಸಾಯಿಸದೇ ಹಿಡ್ಕೊಂಡು ಬಂದು ಮರಿಗಳ ಮುಂದೆ ಬಿಡ್ತಾಳೆ. ಅದು ಎದ್ದು ಓಡುತ್ತೆ, ಇವು ಅಟ್ಟಿಸ್ಕೊಂಡು ಹೋಗ್ತಾವೆ, ಕಾಲಿಗೆ ಹೊಡೆದು ಬೀಳಿಸ್ತಾವೆ, ಮುಂದೇನು ಮಾಡ್ಬೇಕು ಗೊತ್ತಿಲ್ಲ, ಕಾಲು ಕಚ್ತಾವೆ, ಕಿವಿ ಕಚ್ತಾವೆ, ಅದು ತಪ್ಪಿಸ್ಕೊಂಡ್ರೆ ತಾಯಿ ಮತ್ತೆ ಹಿಡಿದು ತರ್ತಾಳೆ. ನೋಡೋಕೆ ಕ್ರೂರ, ಆದ್ರೆ ಸ್ಕೂಲ್ ಅಂದ್ರೆ ಇದೇ. ಅಟ್ಟಿಸ್ಕೊಂಡು ಹೋಗೋದು ಚೀತಾಗೆ ಹುಟ್ಟಿನಿಂದ ಬರುತ್ತೆ, ಯಾರೂ ಹೇಳ್ಕೊಡ್ಬೇಕಾಗಿಲ್ಲ. ಗಂಟಲು ಹಿಡಿದು ಉಸಿರು ಕಟ್ಟಿಸೋದು, ಯಾವ ಪ್ರಾಣಿ ಹಿಂದೆ ಹೋಗ್ಬೇಕು ಯಾವುದರ ಕೊಂಬಿಗೆ ಹೆದರ್ಬೇಕು, ಎಷ್ಟು ಹತ್ರ ತೆವಳಿ ಹೋದ್ಮೇಲೆ ಓಟ ಶುರು ಮಾಡ್ಬೇಕು, ಸಿಂಹದ ವಾಸನೆ ಬಂದ್ರೆ ಊಟ ಬಿಟ್ಟು ಎದ್ದೋಗ್ಬೇಕು ಅನ್ನೋದೆಲ್ಲ ನೋಡಿ, ತಪ್ಪು ಮಾಡಿ, ಮತ್ತೆ ಮಾಡಿ ಬರೋ ವಿದ್ಯೆ. ಹದಿನೆಂಟು ತಿಂಗಳ ಆಸುಪಾಸಿಗೆ ಒಂದಿನ ಅಮ್ಮ ಸುಮ್ನೆ ಎದ್ದು ಹೊರಟು ಹೋಗ್ತಾಳೆ. ಒಡಹುಟ್ಟಿದವು ಆಮೇಲೂ ಸುಮಾರು ಆರು ತಿಂಗಳು ಜೊತೇಲಿರ್ತಾವೆ, ಅಣ್ಣ ತಮ್ಮ ಆದ್ರೆ ಜೀವನ ಪೂರ್ತಿ.

ಇದನ್ನ ಕಂಡ್ಕೊಂಡಿದ್ದು ಇವತ್ತಿನ ವಿಜ್ಞಾನಿಗಳೇ ಅಂತ ಅಂದ್ಕೋಬೇಡಿ. ಮೊಘಲರು, ರಾಜರು ಎಲ್ಲ ಚೀತಾ ಸಾಕಿ ಜಿಂಕೆ ಬೇಟೆ ಆಡಿಸ್ತಿದ್ರಲ್ಲ, ಅವರಿಗೆ ಚೀತಾ ಹಿಡಿದು ಕೊಡೋರು ಮರಿ ಮುಟ್ತಿರ್ಲಿಲ್ಲ, ಬೆಳೆದ ಪ್ರಾಣಿನೇ ಬೇಕು ಅಂತಿದ್ರು. ಕಾರಣ ಸಿಂಪಲ್, ಮರಿ ಇರುವಾಗಲೇ ಹಿಡಿದ ಚೀತಾ ಬೇಟೆಗೆ ಬರಲ್ಲ, ತಾಯಿ ಹತ್ರ ಕಲಿತ ಚೀತಾನ ಪಳಗಿಸೋದು ಸುಲಭ, ಕಲಿಯದ ಚೀತಾಗೆ ಕಲಿಸೋದು ಆಗದ ಮಾತು ಅನ್ನೋದು ಅವರ ಅನುಭವ. ಇನ್ನು ಹಿಡಿದ ಮೇಲೆ ಮರಿ ಹಾಕಿಸೋದಂತೂ ಕನಸು, ಜಹಾಂಗೀರನ ಕಾಲದಲ್ಲಿ ಒಂದು ಸಲ ಆಗಿದ್ದು ಬಿಟ್ರೆ ಮುಂದೆ 1956ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾ ಝೂನಲ್ಲೇ ದಾಖಲಾಗಿದ್ದು. ಅಂದ್ರೆ ಅರಮನೆಗಳ ಚೀತಾ ಪೂರ್ತಿ ಕಾಡಿಂದಲೇ ಬರ್ತಿತ್ತು, ಹೊಸ ಮರಿ ಇಲ್ಲ, ಬರೀ ಖರ್ಚು. 1947ರಲ್ಲಿ ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದಲ್ಲಿ ಮೂರು ಗಂಡು ಚೀತಾಗಳನ್ನ ಹೊಡೆದ್ರು, 1952ಕ್ಕೆ ಸರ್ಕಾರ ಮುಗೀತು ಅಂತ ಹೇಳಿಬಿಡ್ತು.

ಆ ಹಿಡಿಯೋರ ಟ್ರಿಕ್ಕೂ ಕೇಳಿ. ಚೀತಾಗಳಿಗೆ ಕೆಲವು ಮರ ಅಂದ್ರೆ ಇಷ್ಟ, ಬಂದು ಉಗುರು ಉಜ್ಜಿ, ವಾಸನೆ ಬಿಟ್ಟು ಹೋಗ್ತಾವೆ, ಒಂಥರಾ ಅವುಗಳ ಅರಳಿಕಟ್ಟೆ. ನಮ್ಮ ಕಡೆಯವರು ಅಂಥ ಮರದ ಸುತ್ತ ನರದಿಂದ ಹೊಸೆದ ಉರುಳು ಹಾಕಿ ಕಾಯ್ತಿದ್ರು. ನೂರಾರು ವರ್ಷ ಆದ್ಮೇಲೆ, ಸಮುದ್ರದ ಆಚೆ, ನಮೀಬಿಯಾದ ದನ ಸಾಕೋ ರೈತರು ಅದೇ ಥರ ಮರ ಕಂಡುಹಿಡಿದು, ಸುತ್ತ ಮುಳ್ಳಿನ ಬೇಲಿ ಹಾಕಿ, ಒಂದೇ ದಾರಿ ಬಿಟ್ಟು, ಆ ದಾರೀಲಿ ಬೋನು ಇಡ್ತಿದ್ರು. ಯಾರೂ ಯಾರಿಗೂ ಹೇಳ್ಕೊಟ್ಟಿಲ್ಲ. 1980ರ ದಶಕದಲ್ಲಿ ಹೀಗೇ ವರ್ಷಕ್ಕೆ ಎಂಟುನೂರು ಚಿಲ್ಲರೆ ಚೀತಾ ಅಲ್ಲಿಂದ ಖಾಲಿಯಾಗ್ತಿತ್ತು, ಕೆಲವನ್ನ ಹೊಡೆದು, ಕೆಲವನ್ನ ಮಾರಿ. ಅನಾಥ ಮರಿಗಳು ಎಲ್ಲಿಂದ ಬರ್ತಾವೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಮರಕ್ಕೆ ಬಂದ ತಾಯಿ ಬೋನಿಗೆ ಬಿದ್ಲು, ಮರಿಗಳು ಪೊದೇಲಿ ಉಳಿದ್ವು.

ನಮೀಬಿಯಾದಲ್ಲಿ ಚೀತಾಗಳಲ್ಲಿ ಹೆಚ್ಚು ಕಮ್ಮಿ ಹತ್ತಕ್ಕೆ ಒಂಬತ್ತು ಇರೋದು ನ್ಯಾಷನಲ್ ಪಾರ್ಕಲ್ಲಿ ಅಲ್ಲ, ಇಂಥ ಫಾರ್ಮುಗಳಲ್ಲಿ. ಪಾರ್ಕಲ್ಲಿ ಸಿಂಹ ಕತ್ತೆಕಿರುಬ ಇರ್ತಾವೆ, ಫಾರ್ಮಲ್ಲಿ ಅವನ್ನ ಯಾವತ್ತೋ ಮುಗಿಸಿದ್ದಾರೆ, ಹಾಗಾಗಿ ಚೀತಾಗೆ ಫಾರ್ಮೇ ವಾಸಿ, ಮನುಷ್ಯನೊಬ್ಬ ಸುಮ್ನಿದ್ರೆ. ಅಲ್ಲಿಗೆ 1977ರಲ್ಲಿ ಲಾರಿ ಮಾರ್ಕರ್ ಅನ್ನೋ ಅಮೆರಿಕಾದ ಹೆಂಗಸು ಒಂದು ವಿಚಿತ್ರ ಪ್ರಯೋಗಕ್ಕೆ ಬಂದ್ರು. ಒರೆಗಾನ್‌ನ ವೈಲ್ಡ್‌ಲೈಫ್ ಸಫಾರಿ ಪಾರ್ಕಲ್ಲಿ ತಾವೇ ಕೈಯಾರೆ ಸಾಕಿದ ಖಯ್ಯಾಮ್ ಅನ್ನೋ ಹೆಣ್ಣು ಚೀತಾನ ಕರ್ಕೊಂಡು ಬಂದು, ಬೋನಲ್ಲಿ ಹುಟ್ಟಿದ್ದಕ್ಕೆ ಬೇಟೆ ಕಲಿಸೋಕಾಗುತ್ತಾ ನೋಡೋದು ಅಂತ. ಖಯ್ಯಾಮ್ ಕಲಿತ್ಲು. ಆದ್ರೆ ಮಾರ್ಕರ್ ತಲೆ ತಿರುಗಿಸಿದ್ದು ಅದಲ್ಲ, ಸುತ್ತಮುತ್ತ ರೈತರು ಚೀತಾನ ಇಲಿ ಹಿಡಿದ ಹಾಗೆ ಹಿಡೀತಿದ್ದದ್ದು. 1990ರಲ್ಲಿ ಚೀತಾ ಕನ್ಸರ್ವೇಶನ್ ಫಂಡ್, ಸಿಸಿಎಫ್ ಅಂತಾರೆ, ಶುರು ಮಾಡಿ ಒಟ್ಜಿವರೊಂಗೊ ಹತ್ರ ನೆಲೆ ಹೂಡಿದ್ರು. ಡಿಸೆಂಬರ್ 4ನ್ನ ಅಂತಾರಾಷ್ಟ್ರೀಯ ಚೀತಾ ದಿನ ಅಂತ ಆಚರಿಸ್ತಾರಲ್ಲ, ಅದು ಖಯ್ಯಾಮ್ ಹುಟ್ಟಿದ ದಿನ.

ಇವರ ಕೆಲ್ಸದಲ್ಲಿ ನನಗೆ ಬಹಳ ಹಿಡಿಸಿದ್ದು ಮರಿ ಸಾಕೋದಲ್ಲ, ನಾಯಿ ಸಾಕೋದು. 1994ರಿಂದ ಅನಟೋಲಿಯನ್ ಶೆಫರ್ಡ್, ಕಂಗಾಲ್ ಅನ್ನೋ ಟರ್ಕಿ ತಳಿಯ ದೊಡ್ಡ ನಾಯಿಗಳನ್ನ ಬೆಳೆಸಿ ರೈತರಿಗೆ ಕೊಡ್ತಾರೆ. ನಾಯಿಮರಿ ಆಡುಕುರಿ ಮಧ್ಯೆನೇ ಬೆಳೆಯುತ್ತೆ, ಅವೇ ತನ್ನ ಮನೆಯವರು ಅಂದ್ಕೊಳ್ಳುತ್ತೆ, ಚೀತಾ ಬಂದ್ರೆ ಎದುರು ನಿಂತು ಬೊಗಳುತ್ತೆ, ಅಷ್ಟೇ ಸಾಕು, ಯಾಕಂದ್ರೆ ಚೀತಾ ಜಗಳಗಂಟ ಅಲ್ಲ, ಕಾಲಿಗೆ ಒಂದು ಗಾಯ ಆದ್ರೂ ಓಡೋಕಾಗದೆ ಉಪವಾಸ ಸಾಯ್ಬೇಕು ಅಂತ ಅದಕ್ಕೆ ಗೊತ್ತು. ನಮ್ಮ ಕುರಿಗಾಹಿಗಳು ಹಟ್ಟಿ ಕಾಯೋಕೆ ನಾಯಿ ಇಟ್ಕೊಳ್ಳೋ ಥರಾನೇ, ಸೈಜು ಮಾತ್ರ ಕರುವಿನಷ್ಟು. ನಾಯಿ ಇಟ್ಟ ರೈತರಲ್ಲಿ ಆಡುಕುರಿ ನಷ್ಟ ಶೇಕಡಾ 80ಕ್ಕೂ ಹೆಚ್ಚು ಇಳೀತು ಅಂತ ಸಿಸಿಎಫ್ ಲೆಕ್ಕ. ಬಾಟಲಿ ಹಿಡಿದ ಫೋಟೋಗೆ ಬರೋಷ್ಟು ಲೈಕು ಈ ನಾಯಿಗೆ ಬರಲ್ಲ, ಆದ್ರೆ ಅದು ತಾಯಿ ಚೀತಾನ ಉಳಿಸ್ತು ಅಂದ್ರೆ ನಾಲ್ಕು ಮರಿ ಅನಾಥ ಆಗೋದೇ ತಪ್ಪಿತು.

ಆದ್ರೂ ಮರಿ ಬರ್ತಾನೇ ಇರ್ತಾವೆ. ಬಂದಾಗ ಏನು ಮಾಡ್ತಾರೆ? ಮೊದಲು ಡ್ರಿಪ್ಪು, ಯಾಕಂದ್ರೆ ಬರೋವಾಗಲೇ ಒಣಗಿ ಹೋಗಿರ್ತಾವೆ, ಕಣ್ಣು ಒಳಗೆ ಹೋಗಿರುತ್ತೆ, ಚರ್ಮ ಎಳೆದು ಬಿಟ್ರೆ ವಾಪಸ್ ಕೂರಲ್ಲ. ಹಸಿದಿದೆ ಅಂತ ಒಂದೇ ಸಲ ಹೊಟ್ಟೆ ತುಂಬಿಸೋ ಹಾಗಿಲ್ಲ. ಬೆಕ್ಕಿನ ಮರಿಗೆ ಅಂತ ಬರೋ ಹಾಲಿನ ಪುಡಿ, ಕೆಲವು ಗಂಟೆಗೊಂದು ಸಲ, ರಾತ್ರಿನೂ. ಕುಡಿಸೋವಾಗ ಮಗುವಿನ ಥರ ಅಂಗಾತ ಮಲಗಿಸ್ಬಾರ್ದು, ಹೊಟ್ಟೆ ಕೆಳಗಾಗಿ ಕೂರಿಸ್ಬೇಕು, ಇಲ್ದಿದ್ರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ. ತೀರಾ ಎಳೆ ಮರಿ ಆದ್ರೆ ಉಚ್ಚೆ ಕಕ್ಕ ಕೂಡ ತಾನಾಗೇ ಮಾಡಲ್ಲ, ತಾಯಿ ನಾಲಿಗೆ ಮಾಡೋ ಕೆಲ್ಸನ ಬೆಚ್ಚಗಿನ ಒದ್ದೆ ಹತ್ತೀಲಿ ಒರೆಸಿ ಒರೆಸಿ ಮಾಡಿಸ್ಬೇಕು. ದಿನಾ ಒಂದೇ ಟೈಮಿಗೆ ತಕ್ಕಡಿ ಮೇಲೆ ಇಡ್ಬೇಕು, ಇವತ್ತಿನ ತೂಕ ನಿನ್ನೆಗಿಂತ ಕಮ್ಮಿ ಬಂದ್ರೆ ಎಲ್ರಿಗೂ ನಿದ್ದೆ ಇಲ್ಲ. ಮಾಂಸ ಶುರು ಮಾಡಿದ್ಮೇಲೆ ಇನ್ನೊಂದು ಗಂಡಾಂತರ, ಬರೀ ಮೆತ್ತಗಿನ ಮಾಂಸ ಕೊಟ್ರೆ ಸುಣ್ಣದಂಶ ಸಾಲದೆ ಮೂಳೆ ಟೊಳ್ಳಾಗಿ ಕಾಲು ಸೊಟ್ಟ ಆಗುತ್ತೆ, ಕುಣಿದಾಡಿದ್ರೆ ಮುರಿಯುತ್ತೆ. ಕಾಲು ಸೊಟ್ಟ ಆದ ಚೀತಾ ಅಂದ್ರೆ ಚಕ್ರ ಇಲ್ಲದ ಗಾಡಿ. ಮೂಳೆ ಸಮೇತ ಕೊಡ್ಬೇಕು, ಕ್ಯಾಲ್ಸಿಯಂ ವಿಟಮಿನ್ ಬೆರೆಸ್ಬೇಕು, ಬೆಕ್ಕುಗಳ ಸಾಂಕ್ರಾಮಿಕಗಳಿಗೆ ಲಸಿಕೆ ಹಾಕ್ಬೇಕು.

ಲಸಿಕೆ ವಿಷ್ಯ ಬಂತಲ್ಲ, ಚೀತಾಗಳಿಗೆ ರೋಗದ ಭಯ ಬೇರೆಯವಕ್ಕಿಂತ ಜಾಸ್ತಿ. ಹತ್ತು ಹನ್ನೆರಡು ಸಾವಿರ ವರ್ಷದ ಹಿಂದೆ ಯಾವಾಗ್ಲೋ ಇವು ಬೆರಳೆಣಿಕೆಗೆ ಇಳಿದು ಹೋಗಿದ್ವು, ಈಗ ಇರೋದೆಲ್ಲ ಆ ಕೆಲವೇ ಕೆಲವರ ಸಂತತಿ, ಹಾಗಾಗಿ ಎಲ್ಲರೂ ಒಂಥರಾ ದಾಯಾದಿಗಳು. ಒಂದರ ಚರ್ಮ ತೆಗೆದು ಸಂಬಂಧವೇ ಇಲ್ಲದ ಇನ್ನೊಂದಕ್ಕೆ ಕಸಿ ಮಾಡಿದ್ರೂ ಮೈ ತಿರಸ್ಕರಿಸಲ್ಲ ಅನ್ನೋ ಮಟ್ಟಕ್ಕೆ. ಖಯ್ಯಾಮ್ ಬೆಳೆದ ಅದೇ ಒರೆಗಾನ್ ಪಾರ್ಕಲ್ಲಿ 1982ರ ಹೊತ್ತಿಗೆ ಬೆಕ್ಕುಗಳಿಗೆ ಬರೋ ಕೊರೊನಾ ವೈರಸ್ ನುಗ್ಗಿ ಅರ್ಧಕ್ಕೂ ಹೆಚ್ಚು ಚೀತಾಗಳನ್ನ ತಗೊಂಡು ಹೋಯ್ತು. ಅಕ್ಕಪಕ್ಕದ ಬೇಲೀಲಿ ಹತ್ತಾರು ಮರಿ ಇಟ್ಕೊಂಡಿರೋ ಯಾವ ರೆಸ್ಕ್ಯೂ ಸೆಂಟರ್‌ನವರೂ ಇದನ್ನ ಮರೆಯೋ ಹಾಗಿಲ್ಲ.

ಜೀವ ಉಳೀತು ಅಂದ್ಕೊಳ್ಳಿ, ಕಾಡಿಗೆ ಬಿಡೋದು ಹೆಂಗೆ? ಸಿಸಿಎಫ್ 2004ರಿಂದ 2018ರವರೆಗೆ ಹೀಗೆ ಬೋನಲ್ಲಿ ಬೆಳೆದ 36 ಚೀತಾಗಳನ್ನ ನಮೀಬಿಯಾದಲ್ಲಿ ಬಿಟ್ಟು ಹಿಂದೆ ಬಿದ್ದು ನೋಡಿದ್ದಾರೆ, ಅದ್ರಲ್ಲಿ ಮುಕ್ಕಾಲು ಪಾಲಿಗೆ ಕಮ್ಮಿ ಇಲ್ಲದಷ್ಟು ತಾವೇ ಬೇಟೆ ಆಡ್ಕೊಂಡು ಬದುಕೋ ಮಟ್ಟ ಮುಟ್ಟಿದ್ವು. ಹಳೇ ಕಾಲದ ಹಿಡಿಯೋರು ಕೇಳಿದ್ರೆ ನಂಬ್ತಿರ್ಲಿಲ್ಲ. ಆದ್ರೆ ಯಾವ ಮರಿ, ಯಾವ ಜಾಗ ಅನ್ನೋದು ನೋಡ್ಬೇಕು. ಇವೆಲ್ಲ ಕಾಡಲ್ಲಿ ಹುಟ್ಟಿ, ಅಮ್ಮನ ಜೊತೆ ಒಂದಿಷ್ಟು ದಿನ ತಿರುಗಾಡಿದ್ದವು. ಆರು ತಿಂಗಳು ದಾಟಿ ಸಿಕ್ಕ ಮರಿಗೂ ಕಣ್ಣು ಬಿಡೋಕೆ ಮುಂಚೆ ಸಿಕ್ಕ ಮರಿಗೂ ಭೂಮಿ ಆಕಾಶದ ವ್ಯತ್ಯಾಸ. ಮೊದಲನೇದು ಮನುಷ್ಯನ ನೋಡಿದ್ರೆ ಗುರ್ ಅನ್ನುತ್ತೆ, ಎರಡನೇದು ಬಂದು ಕಾಲಿಗೆ ಮೈ ಉಜ್ಜುತ್ತೆ. ಕಾಲಿಗೆ ಉಜ್ಜೋ ಚೀತಾನ ಫಾರ್ಮುಗಳ ಮಧ್ಯೆ ಬಿಟ್ರೆ ಅದು ಊಟ ಕೇಳ್ಕೊಂಡು ಯಾವುದೋ ರೈತನ ಹಟ್ಟಿಗೇ ಹೋಗುತ್ತೆ, ಅವನ ಕೈಲಿ ಬಂದೂಕು ಇರುತ್ತೆ.

ಅದಕ್ಕೇ ಮುದ್ದು ಮಾಡೋದು ಆದಷ್ಟು ಬೇಗ ನಿಲ್ಲಿಸ್ತಾರೆ. ಒಂದೇ ವಯಸ್ಸಿನ ಬೇರೆ ಬೇರೆ ಅನಾಥ ಮರಿಗಳನ್ನ ಜೊತೆ ಹಾಕಿ ಅಣ್ಣ ತಮ್ಮ ಮಾಡ್ತಾರೆ, ಗಾಡಿ ಹಿಂದೆ ಓಡಿಸಿ ಕಾಲಿಗೆ ಕಸುವು ತುಂಬ್ತಾರೆ, ದೊಡ್ಡ ಬೇಲಿ ಒಳಗೆ ಕೆಲ ಕಾಲ ಬಿಟ್ಟು, ಕೊರಳಿಗೆ ರೇಡಿಯೋ ಕಾಲರ್ ಹಾಕಿ, ಎರಿಂಡಿ ಥರದ ದೊಡ್ಡ ಖಾಸಗಿ ರಿಸರ್ವ್‌ಗೆ ಕರ್ಕೊಂಡು ಹೋಗ್ತಾರೆ. ಆಮೇಲೆ ಮನುಷ್ಯರ ಒಂದು ತಂಡ ದಿನಾ ಸಿಗ್ನಲ್ ಹಿಡ್ಕೊಂಡು ಹಿಂದೆ. ಇವತ್ತು ಓಡಿತಾ, ಹಿಡೀತಾ, ಹಿಡಿದಿದ್ದನ್ನ ತಿಂತಾ, ಎಷ್ಟು ದಿನ ಆಯ್ತು ತಿಂದು, ನೀರು ಸಿಕ್ತಾ. ತೀರಾ ಬಡವಾದ್ರೆ ಒಂದು ತುಂಡು ಮಾಂಸ ಹಾಕ್ತಾರೆ, ತಪ್ಪು ದಿಕ್ಕಿಗೆ ಹೋದ್ರೆ ಹಿಡಿದು ವಾಪಸ್ ತರ್ತಾರೆ. ಖರ್ಚಿಗಿಂತ ತಾಳ್ಮೆ ಜಾಸ್ತಿ ಬೇಕಾದ ಕೆಲ್ಸ. ಖರ್ಚೂ ಕಮ್ಮಿ ಇಲ್ಲ ಬಿಡಿ.

ಇನ್ನು ನಮೀಬಿಯಾದಿಂದ ಮೇಲಕ್ಕೆ, ಪೂರ್ವ ಆಫ್ರಿಕಾದ ಸೋಮಾಲಿಲ್ಯಾಂಡ್‌ಗೆ ಹೋದ್ರೆ ಕಥೆ ಪೂರ್ತಿ ಬೇರೆ, ನನಗೆ ಓದೋಕೇ ಕಷ್ಟ ಆಗಿದ್ದು ಇದು. ಅಲ್ಲಿ, ಪಕ್ಕದ ಇಥಿಯೋಪಿಯಾ ಕಡೆನೂ, ಮರಿಗಳನ್ನ ಕದೀತಾರೆ, ಕೊಲ್ಲಿ ದೇಶಗಳ ಶ್ರೀಮಂತರ ಮನೆಗೆ ಸಾಕುಪ್ರಾಣಿಯಾಗಿ ಮಾರೋಕೆ. ಆಡು ತಿಂದ ಚೀತಾದ ಜಾಡು ಹಿಡಿದು ಹೋದ ಕುರಿಗಾಹಿಗೆ ಮರಿ ಸಿಗುತ್ತೆ, ಬರಗಾಲದಲ್ಲಿ ಅರ್ಧ ಹಿಂಡು ಕಳ್ಕೊಂಡವನಿಗೆ ಅದು ಬಿದ್ದಿರೋ ದುಡ್ಡು, ಅವನು ಒಬ್ಬನಿಗೆ ಮಾರ್ತಾನೆ, ಅವನು ಇನ್ನೊಬ್ಬನಿಗೆ, ಕೊನೆಗೆ ದೋಣೀಲಿ ಏಡನ್ ಕೊಲ್ಲಿ ದಾಟಿ ಯೆಮೆನ್, ಅಲ್ಲಿಂದ ಮುಂದೆ. ವರ್ಷಕ್ಕೆ ಸುಮಾರು 300 ಮರಿ ಹೀಗೆ ಸಾಗುತ್ತೆ ಅನ್ನೋದು ಒಂದು ಅಂದಾಜು. ಇಡೀ ಪ್ರಪಂಚದಲ್ಲಿ ಕಾಡಲ್ಲಿ ಉಳಿದಿರೋ ಚೀತಾನೇ ಏಳು ಸಾವಿರ ಅಂತ ನೆನಪಿರ್ಲಿ. 1975ರಿಂದ ಚೀತಾನ ದೇಶ ದೇಶದ ಮಧ್ಯೆ ವ್ಯಾಪಾರಕ್ಕೆ ಮಾರೋದು ನಿಷೇಧ, ಯುಎಇ ಕೂಡ 2017ರಿಂದ ಕಾಡುಪ್ರಾಣಿ ಮನೇಲಿ ಸಾಕೋದನ್ನ ಬ್ಯಾನ್ ಮಾಡಿದೆ, ಆದ್ರೂ ಚಿನ್ನದ ಬಣ್ಣದ ಕಾರಿನ ಕಿಟಕೀಲಿ ಚೀತಾ ತಲೆ ಇರೋ ಫೋಟೋಗಳು ನಿಂತಿಲ್ಲ. ಲೈಕ್ ಒತ್ತೋರಲ್ಲಿ ನಮ್ಮವರೂ ಇದ್ದಾರೆ, ಸುಳ್ಳು ಯಾಕೆ ಹೇಳ್ಬೇಕು, ಹತ್ತು ವರ್ಷದ ಹಿಂದೆ ನಾನೂ ಒತ್ತಿದ್ದೆ.

ದಾರೀಲಿ ಪೊಲೀಸರ ಕೈಗೆ ಸಿಕ್ಕ ಮರಿಗಳು ಸೋಮಾಲಿಲ್ಯಾಂಡ್ ರಾಜಧಾನಿ ಹರ್ಗೇಸಾ ಹತ್ರ ಸಿಸಿಎಫ್ ನಡೆಸೋ ಸೆಂಟರ್‌ಗೆ ಬರ್ತಾವೆ, 2023ರ ಹೊತ್ತಿಗೇ ಅಲ್ಲಿ ತೊಂಬತ್ತು ದಾಟಿತ್ತು. ಸಿಕ್ಕಾಗ ಹೆಚ್ಚಿನವಕ್ಕೆ ಕೆಲವೇ ವಾರದ ವಯಸ್ಸು, ಆಡಿನ ಹಾಲು ಕುಡಿದು ಹೊಟ್ಟೆ ಕೆಟ್ಟಿರುತ್ತೆ, ಕೆಲವು ಬಂದ ರಾತ್ರಿನೇ ಹೋಗಿಬಿಡ್ತಾವೆ. ಉಳಿದವು? ಅಮ್ಮನ ಪಾಠ ಒಂದು ದಿನನೂ ಆಗಿಲ್ಲ, ಎಲ್ಲಿಂದ ಕದ್ದಿದ್ದು ಗೊತ್ತಿಲ್ಲ, ಬಿಡೋಣ ಅಂದ್ರೆ ತಿನ್ನೋಕೆ ಜಿಂಕೆ ಇರೋ ಬಯಲು ಬೇಕು, ಬಯಲಿದ್ರೂ ಅದೇ ಕುರಿಗಾಹಿ, ಅದೇ ಕಳ್ಳ ಅಲ್ಲೇ ಇದ್ದಾನೆ. ಹಾಗಾಗಿ ಬಹುಪಾಲು ಬೇಲಿ ಒಳಗೇ ಬೆಳೀತಾವೆ, ಅಲ್ಲೇ ಮುದಿಯಾಗ್ತಾವೆ. ಬೋನಿನ ಚೀತಾಗೆ ಕಿಡ್ನಿ, ಹೊಟ್ಟೆಹುಣ್ಣು ಅಂತ ಕಾಯಿಲೆ ಬರೋದು ಜಾಸ್ತಿ ಅನ್ನೋದು ಬೇರೆ, ಕುನೋದಲ್ಲಿ ಮೊದಲು ತೀರಿಹೋದ ಸಾಶಾಗೂ ಕಿಡ್ನಿ ತೊಂದ್ರೆನೇ ಇದ್ದಿದ್ದು. ಇದನ್ನ ರೆಸ್ಕ್ಯೂ ಅನ್ಬೇಕಾ? ಅನ್ಬೇಕು, ನನ್ನ ಪ್ರಕಾರ. ಮರಿಗಳನ್ನ ಇಟ್ಕೊಳ್ಳೋಕೆ ಜಾಗ ಇಲ್ಲ ಅಂದ್ರೆ ಪೊಲೀಸರು ದೋಣಿ ತಡೆಯೋಕೂ ಹಿಂದೆಮುಂದೆ ನೋಡ್ತಾರೆ, ಸಿಕ್ಕ ಮರಿನ ಏನು ಮಾಡೋದು ಅಂತ. 2018ರಲ್ಲಿ ಅಲ್ಲಿ ಮೊದಲ ಸಲ ಚೀತಾ ಕಳ್ಳರಿಗೆ ಶಿಕ್ಷೆ ಆಯ್ತು. ಆದ್ರೆ ಕಾಡಿಗೆ ಲೆಕ್ಕ ಹಾಕಿದ್ರೆ ಆ ತೊಂಬತ್ತೂ ಸತ್ತ ಹಾಗೇನೇ, ಅಲ್ಲಿ ಅವು ಮರಿ ಹಾಕಲ್ಲ, ಬೇಟೆ ಆಡಲ್ಲ. ಎರಡೂ ಮಾತು ಒಟ್ಟಿಗೇ ನಿಜ, ಒಂದನ್ನ ಹೇಳಿ ಇನ್ನೊಂದನ್ನ ನುಂಗಿದ್ರೆ ಅದು ಚಂದಾ ಎತ್ತೋ ಜಾಹೀರಾತು ಆಗುತ್ತೆ.

ಇನ್ನೊಂದು ಥರದ ಅನಾಥರೂ ಇದ್ದಾರೆ, ಅನಾಥರೇ ಅಲ್ಲದವರು. ಮಂಡ್ಯ ಕಡೆ ಕಬ್ಬು ಕಟಾವು ಟೈಮಲ್ಲಿ ಇದು ಮಾಮೂಲು. ನಮ್ಮ ಅತ್ತೆ ಊರಲ್ಲಿ ಆಗಿದ್ದು, ಕಬ್ಬು ಕಡಿಯೋರಿಗೆ ಸಾಲಿನ ಮಧ್ಯೆ ಎರಡು ಚಿರತೆ ಮರಿ ಸಿಕ್ವು, ನಾನು ಹೋಗೋ ಅಷ್ಟರಲ್ಲಿ ಇಪ್ಪತ್ತು ಜನ ಕೈಯಿಂದ ಕೈಗೆ ದಾಟಿಸಿ ಸೆಲ್ಫಿ ತಗೊಂಡಿದ್ರು, ಯಾರೋ ಲೋಟದಲ್ಲಿ ಹಸುವಿನ ಹಾಲು ಬೇರೆ ತಂದಿದ್ರು. "ಪಾಪ, ತಾಯಿ ಬಿಟ್ಟೋಗಿದೆ ಕಣಣ್ಣ" ಅಂತ ಒಬ್ಬ ಹುಡುಗ. ಫಾರೆಸ್ಟ್‌ನವರು ಬಂದು ಎಲ್ಲರನ್ನೂ ಬೈದು ಓಡಿಸಿ, ಮರಿಗಳನ್ನ ಪ್ಲಾಸ್ಟಿಕ್ ಕ್ರೇಟಲ್ಲಿ ಹಾಕಿ ಅದೇ ಗದ್ದೆ ಅಂಚಿಗೆ ಇಟ್ಟು ದೂರ ಕೂತ್ರು. ಬೆಳಿಗ್ಗೆ ಕ್ರೇಟು ಮಗುಚಿತ್ತು, ಮರಿ ಇರ್ಲಿಲ್ಲ, ಬದುವಿನ ಹಸಿ ಮಣ್ಣಲ್ಲಿ ದೊಡ್ಡ ಹೆಜ್ಜೆ. ತಾಯಿ ಎಲ್ಲೂ ಹೋಗಿರ್ಲಿಲ್ಲ, ಹಗಲೆಲ್ಲ ಪಕ್ಕದ ಕಬ್ಬಲ್ಲೇ ಕೂತು ನಮ್ಮನ್ನ ನೋಡ್ತಿದ್ಲು ಅನ್ಸುತ್ತೆ. ಚೀತಾ ತಾಯಿನೂ ಹೀಗೇ, ಮರಿ ಬಚ್ಚಿಟ್ಟು ಗಂಟೆಗಟ್ಟಲೆ ಹೋಗಿರ್ತಾಳೆ, ಆಗ ಕಂಡವರು ಎತ್ಕೊಂಡು ಬಂದ್ರೆ ಅದಕ್ಕೆ ಹೆಸರು ರೆಸ್ಕ್ಯೂ, ಕೆಲ್ಸ ಮಾತ್ರ ಅಪಹರಣ. ಆಫ್ರಿಕಾದಲ್ಲಿ ಹೀಗೆ ಒಳ್ಳೇ ಮನಸ್ಸಿನಿಂದ ಕದ್ದ ಮರಿಗಳೂ ಸೆಂಟರ್‌ಗಳಿಗೆ ಬರ್ತಾವೆ.

ಮತ್ತೆ ಕುನೋಗೆ. ನಮೀಬಿಯಾದಿಂದ ಬಂದ ಐದು ಹೆಣ್ಣು ಚೀತಾಗಳ ಪೂರ್ವಾಪರ ಓದಿದ್ರೆ ಗೊತ್ತಾಗುತ್ತೆ, ಅವ್ರಲ್ಲೇ ಅನಾಥರಿದ್ರು. ಒಂದು ಗೊಬಾಬಿಸ್ ಅನ್ನೋ ಊರಿನ ಹತ್ರ ನೀರಿನ ಹೊಂಡದ ಪಕ್ಕ ತಮ್ಮನ ಜೊತೆ ಮೂಳೆ ಚಕ್ಕಳ ಆಗಿ ಸಿಕ್ಕಿತ್ತು, ಅಮ್ಮ ಕಾಡುಗಿಚ್ಚಿಗೆ ಸಿಕ್ಕಿರಬೇಕು ಅಂತ ಸಿಸಿಎಫ್‌ನವರ ಊಹೆ. ಇನ್ನೊಂದನ್ನ 2017ರ ಕೊನೆಗೆ ಅದೇ ಗೊಬಾಬಿಸ್ ಕಡೆ ಫಾರ್ಮ್ ಕೆಲಸದವರು ಎತ್ಕೊಂಡು ಬಂದು ಸಾಕಿದ್ರು. ಮತ್ತೊಂದು ಹುಟ್ಟಿದ್ದು ಎರಿಂಡಿಯಲ್ಲಿ, ಅದರ ಅಮ್ಮ ರಿಹ್ಯಾಬ್ ಆಗಿ ಕಾಡಿಗೆ ವಾಪಸ್ ಹೋದವಳು. ಅಂದ್ರೆ ನಾವು ವಿಮಾನದಲ್ಲಿ ತಂದ ಚೀತಾಗಳಲ್ಲಿ ಕೆಲವಕ್ಕಾದ್ರೂ ಅಮ್ಮನ ಸ್ಕೂಲು ಅರ್ಧಕ್ಕೇ ನಿಂತಿತ್ತು ಅಥವಾ ಒಂದು ತಲೆಮಾರು ಹಿಂದೆ ನಿಂತು ಮತ್ತೆ ಶುರುವಾಗಿತ್ತು. ಎರಿಂಡಿಯ ಆ ಅಮ್ಮನ ವಿಷ್ಯ ನನಗೆ ಧೈರ್ಯ ಕೊಡುತ್ತೆ, ಮನುಷ್ಯರು ಬೆಳೆಸಿದ್ದು ಕಾಡಲ್ಲಿ ಮರಿ ಹಾಕಿ ಬೆಳೆಸ್ತು ಅಂತ. ಆದ್ರೆ ಎರಿಂಡಿಯೂ ಬೇಲಿ ಇರೋ ಜಾಗ ಅನ್ನೋದನ್ನೂ ಹೇಳ್ಬೇಕು.

ಮುಖಿ ಇವ್ರೆಲ್ಲರಿಗಿಂತ ಕಷ್ಟದ ಕೇಸು. ಅಮ್ಮ ಅಂದ್ರೆ ಏನು ಅಂತ ಅವಳು ನೋಡಿದ್ದು ಎಂಟೇ ವಾರ. ಒಡಹುಟ್ಟಿದವರೂ ಇಲ್ಲ, ಕುಸ್ತಿ ಆಡೋಕೆ, ಬಾಲ ಕಚ್ಚೋಕೆ, ಬೀಳೋಕೆ. ಅಂಥವಳು ಗಂಡಿನ ಜೊತೆ ಸೇರಿ, ಐದು ಮರಿ ಹೆತ್ತಳು ಅನ್ನೋದು ಸಣ್ಣ ಮಾತಲ್ಲ, ಸಾಕಿದ ಡಾಕ್ಟರುಗಳು ವಾಚರ್‌ಗಳು ನಿಜವಾಗ್ಲೂ ಮೆಚ್ಚಬೇಕಾದವರು. ಚೀತಾ ಹೆಣ್ಣು ಮರಿ ಹಾಕೋದು ಬೋನಲ್ಲೂ ಆಗುತ್ತೆ, ಈಗ ಝೂಗಳಿಗೆ ಅದು ಬಂದಿದೆ. ಹೆತ್ತ ಮೇಲಿನ ಒಂದೂವರೆ ವರ್ಷದ ಕೆಲ್ಸನೇ ಬೇರೆ. ನವೆಂಬರ್ 2025ಕ್ಕೆ ಹುಟ್ಟಿದ ಮರಿ ಬದುಕಿ ಉಳಿದ್ರೆ ಅಮ್ಮನ್ನ ಬಿಡೋ ವಯಸ್ಸಿಗೆ ಬರೋದು 2027ರ ಬೇಸಿಗೆಗೆ, ಮತ್ತೆ ಅದೇ ಮೇ ತಿಂಗಳು. ಅಷ್ಟರೊಳಗೆ ಒಂದು ದಿನ ಮುಖಿ ಚುಕ್ಕೆ ಜಿಂಕೆ ಮರಿನ ಸಾಯಿಸದೇ ಬಾಯಲ್ಲಿ ಹಿಡಿದು ತಂದು ತನ್ನ ಮರಿಗಳ ಮುಂದೆ ಬಿಡ್ತಾಳಾ ಅಂತ ನಾನು ಕಾಯ್ತಿದೀನಿ. ಅವಳಿಗೆ ಅವಳಮ್ಮ ಅದನ್ನ ಯಾವತ್ತೂ ತಂದು ಬಿಟ್ಟಿರ್ಲಿಲ್ಲ.